ವಂಶಾವಳಿಯಲ್ಲಿ ಖಾಲಿ ಜಾಗ ಖಾಲಿಯಾಗಿಯೇ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಮನೆತನದ ವಂಶಾವಳಿಯನ್ನು ಪುಸ್ತಕವಾಗಿ ಅಚ್ಚು ಹಾಕಿಸುವ ಉತ್ಸಾಹ ಈಗ ಹಲವರಲ್ಲಿ ಕಾಣುತ್ತಿದೆ. ಸಂತೋಷದ ವಿಷಯ. ಆದರೆ ನನ್ನ ಕೈಗೆ ಬಂದ ಇಂಥ ಪುಸ್ತಕಗಳಲ್ಲಿ ಬಹಳಷ್ಟು ಮೊದಲ ಪುಟದಲ್ಲೇ ಎಡವುತ್ತವೆ. ಮೂಲಪುರುಷನ ಸ್ಥಾನದಲ್ಲಿ ಒಬ್ಬ ಅರಸನೋ ದಂಡನಾಯಕನೋ ಋಷಿಯೋ ಇರುತ್ತಾನೆ. ಅವನಿಂದ ಇಳಿದ ಗೆರೆಯೊಂದು ನೇರವಾಗಿ ಮುತ್ತಜ್ಜನ ಅಜ್ಜನಿಗೆ ಬಂದು ಮುಟ್ಟುತ್ತದೆ. ನಡುವಿನ ಇನ್ನೂರು ಮುನ್ನೂರು ವರ್ಷಗಳಿಗೆ ಒಂದು ಹೆಸರಿಲ್ಲ, ಒಂದು ಕಾಗದವಿಲ್ಲ. ನಾನು ಜನನ ಮರಣ ನೋಂದಣಿಯ ಗುಮಾಸ್ತೆಯಾಗಿ ದುಡಿದು ನಿವೃತ್ತಳಾದವಳು. ಒಬ್ಬರ ಹೆಸರಿನ ಮುಂದೆ ತಂದೆಯ ಹೆಸರು ಬರೆಯುವಾಗ ಯಾರು ತಿಳಿಸಿದರು, ಯಾವಾಗ ತಿಳಿಸಿದರು ಎಂಬ ಕಲಂ ತುಂಬದೆ ಮುಂದಕ್ಕೆ ಹೋದವಳಲ್ಲ. ಆಧಾರವಿಲ್ಲದ ಆ ಗೆರೆಯನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ನಮ್ಮ ಮನೆತನದಲ್ಲೂ ಒಂದು ಕಥೆಯಿದೆ. ದೂರದ ರಾಜ್ಯವೊಂದರಿಂದ ಮೂವರು ಅಣ್ಣತಮ್ಮಂದಿರು ರಾತ್ರೋರಾತ್ರಿ ಹೊರಟು ಬಂದರು, ಹಿರಿಯವನು ಸೇನೆಯ ಮುಖ್ಯಸ್ಥನಾಗಿದ್ದ, ಅವನೇ ನಮ್ಮ ಮೂಲ ಎಂದು ಸೋದರತ್ತೆ ಹೇಳುತ್ತಿದ್ದರು. ಅವರು ಹೇಳುತ್ತಿದ್ದ ರೀತಿಯೂ ಚೆಂದ. ಆದರೆ ಇದೇ ಮೂವರು ಸಹೋದರರು ಅಮೆರಿಕದ ಅಸಂಖ್ಯಾತ ಕುಟುಂಬಗಳ ಕಥೆಯಲ್ಲೂ ಇದ್ದಾರೆ. ಅಲ್ಲಿ ಅವರು ಹಡಗಿನಲ್ಲಿ ಬಂದು ಮೂರು ದಿಕ್ಕಿಗೆ ಚದುರುತ್ತಾರೆ. ವಂಶ ಸಂಶೋಧಕರು ಈ ಕಥೆ ಕಿವಿಗೆ ಬಿದ್ದ ಕೂಡಲೇ ಎಚ್ಚರವಾಗುತ್ತಾರೆ. ಒಂದೇ ಅಡ್ಡಹೆಸರಿನ, ಪರಸ್ಪರ ಸಂಬಂಧವೇ ಇಲ್ಲದ ಮೂರು ಮನೆತನಗಳನ್ನು ಜೋಡಿಸಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ಅಲ್ಲಿಯದೇ ಇನ್ನೊಂದು ಕಥೆ ಚೆರೊಕೀ ಬುಡಕಟ್ಟಿನ ರಾಜಕುಮಾರಿಯೊಬ್ಬಳು ನಮ್ಮ ಮುತ್ತಜ್ಜಿ ಎಂಬುದು. ಚೆರೊಕೀ ಜನರಲ್ಲಿ ರಾಜಕುಮಾರಿ ಎಂಬ ಪದವಿಯೇ ಇರಲಿಲ್ಲ.

ದೊಡ್ಡವರೂ ಇದನ್ನೇ ಮಾಡಿದ್ದಾರೆ. ಜೂಲಿಯಸ್ ಸೀಸರ್ ಕ್ರಿ.ಪೂ. 69ರಲ್ಲಿ, ರಾಜಕೀಯದ ಮೊದಲ ಮೆಟ್ಟಿಲುಗಳನ್ನು ಹತ್ತುತ್ತಿದ್ದಾಗ, ತನ್ನ ಸೋದರತ್ತೆಯ ಅಂತ್ಯಕ್ರಿಯೆಯ ಭಾಷಣದಲ್ಲಿ ತನ್ನ ಮನೆತನ ವೀನಸ್ ದೇವತೆಯಿಂದ ಇಳಿದು ಬಂದದ್ದೆಂದು ಸಾರಿದ. ಇಂಗ್ಲೆಂಡಿನ ವೆಸೆಕ್ಸ್ ಅರಸರು ತಮ್ಮ ಮೂಲವನ್ನು ವೋಡನ್ ದೇವರಲ್ಲಿ ಕಂಡಿದ್ದರು. ಕ್ರೈಸ್ತರಾದ ಮೇಲೆ ವೋಡನ್‌ನನ್ನು ಕೈಬಿಡದೆ ಅವನ ಹಿಂದೆ ಇನ್ನಷ್ಟು ಹೆಸರುಗಳನ್ನು ಸೇರಿಸಿ, ಬೈಬಲ್ಲಿನ ನೋಹನ ನಾವೆಯಲ್ಲೇ ಜನಿಸಿದ ಮಗನೊಬ್ಬನನ್ನು ಕಲ್ಪಿಸಿ, ಆದಮನವರೆಗೆ ಸರಪಳಿ ಬೆಳೆಸಿದರು. ಕದಂಬರ ಉದಾಹರಣೆ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಐದನೆಯ ಶತಮಾನದ ತಾಳಗುಂದ ಶಾಸನ ಮಯೂರಶರ್ಮನನ್ನು ಓದಲೆಂದು ಕಂಚಿಗೆ ಹೋಗಿ, ಅಲ್ಲಿ ಆದ ಅವಮಾನ ಸಹಿಸದೆ ಕತ್ತಿ ಹಿಡಿದ ಮನುಷ್ಯನನ್ನಾಗಿ ಚಿತ್ರಿಸುತ್ತದೆ. ಶತಮಾನಗಳು ಕಳೆದ ಮೇಲೆ, ಅದೇ ಹೆಸರು ಹೇಳಿಕೊಂಡ ಮುಂದಿನ ಅರಸು ಮನೆಗಳ ಶಾಸನಗಳಲ್ಲಿ ಶಿವನ ಬೆವರ ಹನಿ ಕದಂಬ ವೃಕ್ಷದ ಬುಡದಲ್ಲಿ ಬಿದ್ದು ಮೂರು ಕಣ್ಣಿನ, ನಾಲ್ಕು ತೋಳಿನ ಮೂಲಪುರುಷ ಹುಟ್ಟುತ್ತಾನೆ. ಕಾಲ ದೂರವಾದಷ್ಟೂ ಅದ್ಭುತ ಹೆಚ್ಚಿತು. ನನ್ನನ್ನು ಕೇಳಿದರೆ, ಅವಮಾನ ನುಂಗದೆ ದಾರಿ ಬದಲಿಸಿದ ಆ ವಿದ್ಯಾರ್ಥಿಯೇ ಮೂರು ಕಣ್ಣಿನವನಿಗಿಂತ ಹೆಚ್ಚು ಹೆಮ್ಮೆಪಡಬೇಕಾದ ಪೂರ್ವಜ.

ಈ ಕಥೆಗಳನ್ನು ಸುಳ್ಳೆಂದು ಎಸೆಯಬೇಕೆಂದು ನಾನು ಹೇಳುತ್ತಿಲ್ಲ. ಅವು ತಮ್ಮ ಕಾಲದ ಸಾಕ್ಷಿಗಳು. ಘಾನಾ ದೇಶದ ಉತ್ತರದಲ್ಲಿರುವ ಗೊಂಜಾ ರಾಜ್ಯದ ಸಂಗತಿ ಇದಕ್ಕೆ ಒಳ್ಳೆಯ ನಿದರ್ಶನ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಬರೆದುಕೊಂಡಂತೆ ರಾಜ್ಯಸ್ಥಾಪಕ ಜಾಕ್ಪನಿಗೆ 7 ಗಂಡು ಮಕ್ಕಳು; ಒಬ್ಬೊಬ್ಬರು ಒಂದೊಂದು ಪ್ರಾಂತ್ಯಕ್ಕೆ ಒಡೆಯರು. ಸುಮಾರು 60 ವರ್ಷಗಳ ಬಳಿಕ ಮತ್ತೆ ಕೇಳಿ ಬರೆದುಕೊಂಡಾಗ ಎರಡು ಪ್ರಾಂತ್ಯಗಳು ಇಲ್ಲವಾಗಿದ್ದವು. ಜಾಕ್ಪನ ಮಕ್ಕಳೂ ಐವರೇ ಆಗಿದ್ದರು. ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ. ಇಂದಿನ ಸ್ಥಿತಿಗೆ ತಕ್ಕಂತೆ ಅಂದಿನ ತಂದೆಯ ಮಕ್ಕಳ ಸಂಖ್ಯೆ ತಾನಾಗಿ ಬದಲಾಗಿತ್ತು. ಬಾಯಿಂದ ಬಾಯಿಗೆ ಬಂದ ವಂಶಾವಳಿ ಹೀಗೆ ವರ್ತಿಸುತ್ತದೆ ಎಂದು ತಿಳಿದು ಅದನ್ನು ಕೇಳಬೇಕು.

ಬೇಕೆಂದೇ ಸುಳ್ಳು ಹೆಣೆದವರೂ ಇದ್ದರು. ಸ್ವೀಡನ್ ಮೂಲದ ಗುಸ್ತಾವ್ ಅಂಜೂ (1863–1942) ಎಂಬಾತ ಅಮೆರಿಕದ ಸಿರಿವಂತರಿಗೆ ಅವರು ಬಯಸಿದ ಪೂರ್ವಜರನ್ನು ಹಣಕ್ಕೆ ಒದಗಿಸುತ್ತಿದ್ದ. ನಿಜವಾದ ಹಲವು ದಾಖಲೆಗಳ ನಡುವೆ ಒಂದೆರಡು ಹುಟ್ಟಿಸಿದ ದಾಖಲೆಗಳನ್ನು ಇಡುವುದು ಅವನ ವಿಧಾನ. ಅವನು ಸತ್ತು ಎಂಟು ದಶಕಗಳಾದರೂ ಆ ವಂಶಾವಳಿಗಳನ್ನು ನಂಬಿ ನಕಲು ಮಾಡುವುದು ನಿಂತಿಲ್ಲ.

ಆದರೂ ದಂತಕಥೆಯ ಪೂರ್ವಜನನ್ನಾಗಲಿ ಕೃತ್ರಿಮದ ಪೂರ್ವಜನನ್ನಾಗಲಿ ಜಾಗ್ರತೆಯಿಂದ ಓದುವವರು ಗುರುತಿಸಬಲ್ಲರು. ಗುರುತಿಗೆ ಸಿಗದೆ ಉಳಿದುಬಿಡುವವನು ತಪ್ಪು ಪೂರ್ವಜ: ನಿಜವಾಗಿ ಬಾಳಿದ, ದಾಖಲೆಯಲ್ಲಿ ಇರುವ, ಆದರೆ ನಮ್ಮವನಲ್ಲದ ಮನುಷ್ಯ. ಹೆಸರೊಂದೇ ಇದ್ದರೆ ಸಾಕು, ಇಬ್ಬರು ಒಬ್ಬರಾಗಿಬಿಡುತ್ತಾರೆ.

ನಮ್ಮ ಚಿಕ್ಕಪ್ಪ ಸಿದ್ಧಪಡಿಸಿದ ಕರಡಿನಲ್ಲಿ ಒಬ್ಬ ಹಿರಿಯರಿದ್ದರು. ಅವರ ಮರಣದ ವರ್ಷ ನಮೂದಾಗಿತ್ತು. ಅದಾದ ಎಷ್ಟೋ ವರ್ಷಗಳ ನಂತರದ ಕ್ರಯಪತ್ರದಲ್ಲೂ ಅವರದೇ ಹೆಸರಿತ್ತು. ಹೊಲ ಮಾರಿದವರು ಸತ್ತವರಾಗಿರಲು ಸಾಧ್ಯವಿಲ್ಲವಲ್ಲ. ಆ ಮರಣಕ್ಕೆ ಮುಂಚಿನ ಪತ್ರದಲ್ಲಿ ಹೆಬ್ಬೆಟ್ಟಿನ ಗುರುತು, ಈ ಕ್ರಯಪತ್ರದಲ್ಲಿ ಸಹಿ. ಅದೊಂದೇ ಸಾಲದು, ನಡುವಯಸ್ಸಿನಲ್ಲಿ ಅಕ್ಷರ ಕಲಿತವರೂ ಇರುತ್ತಾರೆ. ಗಂಟು ಬಿಡಿಸಿದ್ದು ಈ ಎರಡರ ನಡುವಿನ ಇನ್ನೊಂದು ಕಾಗದ. ಅದರಲ್ಲಿ ಅದೇ ಹೆಸರಿನ ಹುಡುಗ ಅಪ್ರಾಪ್ತ ವಯಸ್ಕನೆಂದೂ, ತಾಯಿಯೇ ಅವನ ಪೋಷಕಳೆಂದೂ ಬರೆದಿತ್ತು. ಅಂದರೆ ಇವರು ಅಜ್ಜ ಮತ್ತು ಮೊಮ್ಮಗ. ನಡುವೆ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮಗನೊಬ್ಬನಿದ್ದ. ಗಂಡ ಹೋದ ಮೇಲೆ ಆಸ್ತಿಯನ್ನೂ ಮಕ್ಕಳನ್ನೂ ಕಾಪಾಡಿದ ಹೆಂಗಸೊಬ್ಬಳಿದ್ದಳು. ಎರಡು ಹೆಸರನ್ನು ಒಂದು ಮಾಡಿದಾಗ ಕರಡಿನಿಂದ ಅಳಿಸಿಹೋದವರು ಇವರಿಬ್ಬರು. ಆಕೆ ಇಲ್ಲದಿದ್ದರೆ ಇಂದು ಈ ಪುಸ್ತಕಕ್ಕೆ ವಂಶವೇ ಇರುತ್ತಿರಲಿಲ್ಲ. ಮೂಲಪುರುಷ ಸೇನೆಯ ಮುಖ್ಯಸ್ಥನೋ ಅಲ್ಲವೋ ಎಂಬ ಬಗ್ಗೆ ಮನೆಯಲ್ಲಿ ಎಷ್ಟೋ ಚರ್ಚೆಯಾಯಿತು. ಈಕೆಯ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಈ ಪತ್ರ ಬರೆಯಲು ನನ್ನನ್ನು ಒತ್ತಾಯಿಸಿದ್ದು ಅದೇ.

ಹೀಗೆ ಬೆಸೆದು ಹೋದವರನ್ನು ಬಿಡಿಸಲು ದೊಡ್ಡ ವಿದ್ಯೆ ಬೇಡ. ಮಗುವಿನ ಜನನದ ಹೊತ್ತಿಗೆ ತಂದೆ ತಾಯಿಯ ವಯಸ್ಸೆಷ್ಟು ಎಂದು ಲೆಕ್ಕ ಹಾಕಬೇಕು. ನೂರು ವರ್ಷಕ್ಕೆ ಸಾಮಾನ್ಯವಾಗಿ ಮೂರರಿಂದ ನಾಲ್ಕು ತಲೆಮಾರು. 600 ವರ್ಷಗಳ ಮನೆತನ ಎಂದು ಹೇಳಿ 9 ತಲೆಮಾರು ತೋರಿಸಿದರೆ, ಪ್ರತಿ ಮಗನೂ ತಂದೆಯ 66ನೆಯ ವಯಸ್ಸಿನ ಸುಮಾರಿಗೆ ಹುಟ್ಟಿದನೆಂದಾಗುತ್ತದೆ. ಅಲ್ಲಿ ಒಂಬತ್ತಾದರೂ ತಲೆಮಾರು ಕಾಣೆಯಾಗಿವೆ, ಇಲ್ಲವೇ ಆ 600 ಎಂಬ ಸಂಖ್ಯೆಯೇ ತಪ್ಪು. ಅಂತರ್ಜಾಲದ ವಂಶವೃಕ್ಷಗಳಲ್ಲಿ ಒಂದೇ ಸಂಗತಿ ನೂರು ಕಡೆ ಕಂಡಿತೆಂದು ನಂಬಲೂ ಬಾರದು. ಒಬ್ಬರ ಊಹೆಯನ್ನು ತೊಂಬತ್ತೊಂಬತ್ತು ಮಂದಿ ನಕಲು ಮಾಡಿದ್ದರೆ ಸಾಕ್ಷಿ ಒಂದೇ.

ಡಿಎನ್‌ಎ ಪರೀಕ್ಷೆ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂಬ ನಂಬಿಕೆಯೂ ಹರಡಿದೆ. 1485ರಲ್ಲಿ ಯುದ್ಧದಲ್ಲಿ ಸತ್ತ ಇಂಗ್ಲೆಂಡಿನ ಅರಸ ಮೂರನೆಯ ರಿಚರ್ಡನ ಅಸ್ಥಿ 2012ರಲ್ಲಿ ಲೆಸ್ಟರ್‌ನಲ್ಲಿ ದೊರೆಯಿತು. ತಾಯಿಯಿಂದ ಮಗಳಿಗೆ ಇಳಿದು ಬಂದ ಹೆಣ್ಣು ಸಾಲಿನ ಇಂದಿನ ಸಂಬಂಧಿಗಳೊಂದಿಗೆ ಅದರ ಡಿಎನ್‌ಎ ಹೊಂದಿತು. ತಂದೆಯಿಂದ ಮಗನಿಗೆ ಬಂದ ಸಾಲಿನವರೊಂದಿಗೆ ಹೊಂದಲಿಲ್ಲ. ಶತಮಾನಗಳ ನಡುವೆ ಎಲ್ಲೋ ಒಂದು ಕಡೆಯಾದರೂ ಕಾಗದದ ತಂದೆಯೇ ಬೇರೆ, ಹೆತ್ತ ತಂದೆಯೇ ಬೇರೆ. ಅದು ಎಲ್ಲಿ ಎಂದು ಆ ಪರೀಕ್ಷೆ ಹೇಳಲಿಲ್ಲ. ಅತಿ ಜೋಪಾನವಾಗಿ ಬರೆದಿಟ್ಟ ಕುಲೀನರ ಗಂಡು ಸಾಲಿನ ಗತಿಯೇ ಇದಾದರೆ, ಹೆಂಡತಿಯರ ಹೆಸರನ್ನೇ ಬರೆಯದ ನಮ್ಮ ವಂಶಾವಳಿಗಳು ಯಾವ ಧೈರ್ಯದಿಂದ ಸಾವಿರ ವರ್ಷಗಳ ಗೆರೆ ಎಳೆಯುತ್ತವೆ?

ಆ ಸಾವಿರ ವರ್ಷಗಳ ಬಗ್ಗೆಯೂ ಒಂದು ಲೆಕ್ಕವಿದೆ. ಹಿಂದೆ ಹೋದಂತೆ ಪೂರ್ವಜರ ಸಂಖ್ಯೆ ಪ್ರತಿ ತಲೆಮಾರಿಗೂ ಇಮ್ಮಡಿ: ಹತ್ತು ತಲೆಮಾರಿಗೆ 1,024, ಮೂವತ್ತಕ್ಕೆ 107 ಕೋಟಿ ದಾಟುತ್ತದೆ. ಅಷ್ಟು ಜನ ಆಗ ಇಡೀ ಭೂಮಿಯ ಮೇಲೆ ಇರಲಿಲ್ಲ. ಒಬ್ಬರೇ ಹಲವು ದಾರಿಗಳಿಂದ ನಮ್ಮ ಪೂರ್ವಜರಾಗುತ್ತಾರೆ. ನನ್ನ ಪೂರ್ವಜರೇ ನಿಮ್ಮ ಪೂರ್ವಜರೂ ಆಗಿರುತ್ತಾರೆ. ಅವರಲ್ಲಿ ಒಬ್ಬ ಅರಸ ಇದ್ದಿರಬಹುದು, ಅವನ ಕುದುರೆಗೆ ಹುಲ್ಲು ಹಾಕಿದವನೂ ಇದ್ದಿರಬಹುದು. ಅರಸನನ್ನು ಮಾತ್ರ ಆರಿಸಿ ಗೆರೆ ಎಳೆಯುವುದು ಉಳಿದವರಿಗೆ ಮಾಡುವ ಅನ್ಯಾಯ.

ನನ್ನ ಕೋರಿಕೆ ಇಷ್ಟು. ಮನೆತನದ ಕಥೆಯನ್ನು ಕೇಳಿದಂತೆಯೇ, ಹೇಳಿದವರ ಹೆಸರಿನೊಂದಿಗೆ, ಪ್ರತ್ಯೇಕ ಪುಟದಲ್ಲಿ ಅಚ್ಚು ಮಾಡಿ. ಸೋದರತ್ತೆಯ ಮೂವರು ಸಹೋದರರಿಗೆ ನಮ್ಮ ಪುಸ್ತಕದಲ್ಲಿ ಅಂಥದೇ ಒಂದು ಪುಟ ಸಿಗಬೇಕೆಂದು ಚಿಕ್ಕಪ್ಪನವರಲ್ಲಿ ಕೇಳಿಕೊಂಡಿದ್ದೇನೆ. ವೃಕ್ಷ ಮಾತ್ರ ದಾಖಲೆ ಇರುವ ಮೊದಲ ವ್ಯಕ್ತಿಯಿಂದ ಆರಂಭವಾಗಲಿ, ಅವರು ಹೆಬ್ಬೆಟ್ಟು ಒತ್ತಿದವರೇ ಆಗಿರಲಿ. ಅವರ ಹಿಂದಿನ ಜಾಗವನ್ನು ಖಾಲಿ ಬಿಡಿ. ಪ್ರತಿ ಸಂಬಂಧದ ಪಕ್ಕದಲ್ಲಿ ಅದು ಯಾವ ಪತ್ರದಿಂದ, ಯಾರ ಬಾಯಿಂದ ತಿಳಿಯಿತೆಂದು ಸಣ್ಣಕ್ಷರದಲ್ಲಿ ಸೂಚಿಸಿ. ತಮ್ಮ ಪತ್ರಿಕೆಯೂ ಹಳೆಯ ಮನೆತನಗಳ ಲೇಖನ ಪ್ರಕಟಿಸುವಾಗ ಲೇಖಕರಿಂದ ಈ ಸೂಚನೆಯನ್ನು ಕೇಳಿ ಪಡೆಯಬೇಕೆಂದು ವಿನಂತಿಸುತ್ತೇನೆ.

ವಂಶಾವಳಿಯನ್ನು ಸದ್ಯದಲ್ಲೇ ಅಚ್ಚಿಗೆ ಕೊಡುವ ಓದುಗರಿದ್ದರೆ, ಅದಕ್ಕೆ ಮುಂಚೆ ಮನೆಯ ಹಿರಿಯ ಹೆಂಗಸರ ಬಳಿ ಕುಳಿತು ಅವರ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನು ಬರೆದುಕೊಳ್ಳಿ, ದಿನಾಂಕ ಸಹಿತ. ದಂಡನಾಯಕನನ್ನು ಆಮೇಲೆ ಹುಡುಕಬಹುದು.

ಇಂತಿ,
ನಿವೃತ್ತ ನೋಂದಣಿ ಗುಮಾಸ್ತೆ