ಪ್ಲಗ್ ಕೂತಿತೆಂದು ಸ್ವಿಚ್ ಹಾಕಬೇಡಿ

ಮಾನ್ಯ ಸಂಪಾದಕರೇ,

ಜಪಾನ್, ಅಮೆರಿಕದಿಂದ ಹಳೆಯ ಗೇಮ್ ಕನ್ಸೋಲ್ ತರಿಸಿಕೊಂಡು, ಅದಕ್ಕೆ ಎವಿ ಔಟ್‌ಪುಟ್ಟೋ ಎಚ್‌ಡಿಎಂಐ ಬೋರ್ಡೋ ಜೋಡಿಸಿ ಈಗಿನ ಟಿವಿಯಲ್ಲಿ ಆಡುವ ಹವ್ಯಾಸಿಗಳು ನಮ್ಮಲ್ಲೂ ಇದ್ದಾರೆ. ಬೆಸುಗೆಯ ವಿಷಯದಲ್ಲಿ ಅವರಿಗಿರುವ ಎಚ್ಚರ ಅಡಾಪ್ಟರಿನ ವಿಷಯದಲ್ಲಿ ಇರುವುದಿಲ್ಲ. ‘110 ವೋಲ್ಟ್ ಸ್ಟೆಪ್‌ಡೌನ್ ಹಾಕಿ ಸಾರ್, ಏನೂ ಆಗಲ್ಲ’ ಎಂಬ ಅಂಗಡಿಯ ಮಾತನ್ನು ನಂಬಿ ಸ್ವಿಚ್ ಹಾಕಿಬಿಡುತ್ತಾರೆ. ಸ್ಟೆಪ್‌ಡೌನ್ ಎಂದರೆ ನಮ್ಮ 230 ವೋಲ್ಟನ್ನು 110ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್. ಅಡಾಪ್ಟರ್ ಹೊರಗಿರುವ ಕನ್ಸೋಲ್‌ಗೆ ಸ್ಟೆಪ್‌ಡೌನ್ ಬೇಕಾಗಿಯೇ ಇಲ್ಲ. ಮೂಲ ಅಡಾಪ್ಟರನ್ನು ಡಬ್ಬದಲ್ಲೇ ಬಿಟ್ಟು, 230 ವೋಲ್ಟಿಗೆ ನಡೆಯುವ ಇಲ್ಲಿನದೇ ಒಂದನ್ನು ತಂದರೆ ಸಾಕು. ಆದರೆ ಆರಿಸುವಾಗ ಕಣ್ಣು ತೆರೆದಿರಬೇಕು.

ನಿಂಟೆಂಡೊದ ಉದಾಹರಣೆಯನ್ನೇ ನೋಡಿ. 1983ರ ಜಪಾನಿನ ಫ್ಯಾಮಿಕಾಮ್‌ಗೆ ಬೇಕಿರುವುದು 10 ವೋಲ್ಟ್ ಡಿಸಿ, 850 ಮಿಲಿಆಂಪ್, ನಡುವಿನ ಪಿನ್ ನೆಗೆಟಿವ್. ಸೂಪರ್ ಫ್ಯಾಮಿಕಾಮ್‌ಗೂ ಇದೇ ಅಡಾಪ್ಟರ್. ಅಮೆರಿಕದಲ್ಲಿ ಎನ್‌ಇಎಸ್ ಹೆಸರಿನಲ್ಲಿ ಬಂದ ಅಣ್ಣತಮ್ಮನ ಅಡಾಪ್ಟರ್ ಕೊಡುವುದು 9 ವೋಲ್ಟ್ ಎಸಿ, 1.3 ಆಂಪ್. ಎನ್‌ಇಎಸ್ ಒಳಗೆ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಇರುವುದರಿಂದ ಎಸಿ ಕೊಟ್ಟರೂ ನಡೆಯುತ್ತದೆ, ಡಿಸಿಯನ್ನು ಹೇಗೆ ತಿರುಗಿಸಿ ಕೊಟ್ಟರೂ ನಡೆಯುತ್ತದೆ. ಫ್ಯಾಮಿಕಾಮ್‌ನಲ್ಲಿ ಆ ಬ್ರಿಡ್ಜ್ ಇಲ್ಲ. ಎನ್‌ಇಎಸ್ ಅಡಾಪ್ಟರನ್ನು ಅದಕ್ಕೆ ಚುಚ್ಚಿದರೆ ಪ್ರತಿ ಸೆಕೆಂಡಿಗೆ 50 ಸಲ ಉಲ್ಟಾ ವೋಲ್ಟೇಜ್ ಒಳಗೆ ಹೋಗುತ್ತದೆ. ಮೊದಲು ಕೆಪಾಸಿಟರ್, ಹಿಂದೆಯೇ ಒಳಬಂದ ವೋಲ್ಟೇಜನ್ನು 5 ವೋಲ್ಟಿಗೆ ಇಳಿಸಿ ನಿಲ್ಲಿಸುವ 7805 ರೆಗ್ಯುಲೇಟರ್ ಕೆಡುತ್ತವೆ.

ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ರೌಟರ್, ಸಿಸಿಟಿವಿ ಅಡಾಪ್ಟರ್‌ಗಳಲ್ಲಿ ನಡುವಿನ ಪಿನ್ ಪಾಸಿಟಿವ್. ಫ್ಯಾಮಿಕಾಮ್, ಸೂಪರ್ ಫ್ಯಾಮಿಕಾಮ್, ಮೊದಲ ಮಾದರಿಯ ಮೆಗಾ ಡ್ರೈವ್, ಪಿಸಿ ಎಂಜಿನ್ ಇವೆಲ್ಲ ನಡುವೆ ನೆಗೆಟಿವ್ ಬೇಡುವಂಥವು. ಪ್ಲಗ್ ಸಲೀಸಾಗಿ ಕೂರುತ್ತದೆ, ಅಪಾಯ ಇರುವುದೇ ಅಲ್ಲಿ. ಸಂಗೀತ ವಾದ್ಯಗಳ ಅಂಗಡಿಯಲ್ಲಿ ಗಿಟಾರ್ ಪೆಡಲ್‌ಗೆಂದು ಮಾರುವ 9 ವೋಲ್ಟ್ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವೆ ನೆಗೆಟಿವ್ ಇರುತ್ತದೆ, ಆದರೆ ಅನೇಕವು 300 ಮಿಲಿಆಂಪ್ ಕೂಡ ದಾಟುವುದಿಲ್ಲ. 9 ವೋಲ್ಟ್, ಕನಿಷ್ಠ 1.5 ಆಂಪ್, ರೆಗ್ಯುಲೇಟೆಡ್ (ವೋಲ್ಟೇಜ್ ಏರಿಳಿಯದಂತೆ ಹಿಡಿದಿಡುವಂಥದ್ದು) ಎಂದು ಕೇಳಿ ತನ್ನಿ. ನಡುವೆ ಪಾಸಿಟಿವ್ ಇರುವುದು ಸಿಕ್ಕಿದರೆ ವೈರ್ ಕತ್ತರಿಸಿ, ಎರಡು ಎಳೆಗಳನ್ನು ಅದಲುಬದಲು ಮಾಡಿ 5.5/2.1 ಮಿಲಿಮೀಟರ್ ಪ್ಲಗ್ಗಿಗೆ ಬೆಸೆಯಿರಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಈ ಪ್ಲಗ್ ಬಿಡಿಯಾಗಿಯೇ ಸಿಗುತ್ತದೆ. ಆಂಪ್ ಹೆಚ್ಚಿದ್ದರೆ ಭಯ ಬೇಡ, ಕನ್ಸೋಲ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.

ಲೇಬಲ್ ನಂಬದೆ ಅಳೆದು ನೋಡಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕೆಂಪು ಕಡ್ಡಿಯನ್ನು ಪ್ಲಗ್ಗಿನ ಒಳಗೆ, ಕಪ್ಪನ್ನು ಹೊರಮೈಗೆ ತಾಗಿಸಿ. ಅಂಕಿಯ ಮುಂದೆ ಮೈನಸ್ ಬಂದರೆ ನಡುವೆ ನೆಗೆಟಿವ್. ಆಮೇಲೆ 10 ಓಮ್, 10 ವಾಟಿನ ಸಿಮೆಂಟ್ ರೆಸಿಸ್ಟರನ್ನು ಪ್ಲಗ್ಗಿನ ಒಳಭಾಗಕ್ಕೂ ಹೊರಮೈಗೂ ನಡುವೆ ಕೆಲವು ಸೆಕೆಂಡು ಹಾಕಿ ಮತ್ತೆ ಅಳೆಯಿರಿ. ಅದು 0.9 ಆಂಪ್ ಎಳೆಯುತ್ತದೆ, ಆಗಲೂ 8.7 ವೋಲ್ಟಿನ ಮೇಲೆ ನಿಂತರೆ ಅಡಾಪ್ಟರ್ ಸಾಚಾ. ರೆಸಿಸ್ಟರ್ ಬೇಗ ಕಾಯುತ್ತದೆ, ಬರಿಗೈಯಲ್ಲಿ ಹಿಡಿಯಬೇಡಿ.

ಸ್ಟೆಪ್‌ಡೌನ್‌ನಲ್ಲಿ ತಪ್ಪೇನಿದೆ? ಜಪಾನಿನದು 100 ವೋಲ್ಟ್, ನಾವು ಕೊಡುವುದು 110. ಮನೆಯ ಲೈನ್ 253 ವೋಲ್ಟಿಗೆ ಏರಿದರೆ ಸ್ಟೆಪ್‌ಡೌನ್‌ನಿಂದ ಬರುವುದು 121. ಹಳೆಯ ಅಡಾಪ್ಟರ್‌ಗಳಲ್ಲಿ ರೆಗ್ಯುಲೇಷನ್ ಇಲ್ಲ. ಅಲ್ಲಿ ಶೇ 21 ಏರಿದರೆ ಇಲ್ಲೂ ಹೆಚ್ಚುಕಡಿಮೆ ಅಷ್ಟೇ ಏರಿ 10 ವೋಲ್ಟ್ 12 ಆಗುತ್ತದೆ. ಕನ್ಸೋಲ್ 0.7 ಆಂಪ್ ಎಳೆಯುವಾಗ 7805 ಮೇಲೆ ಬೀಳುವ ಬಿಸಿ 3.5 ವಾಟಿನಿಂದ 4.9 ವಾಟಿಗೆ ಏರುತ್ತದೆ. ಅಮೆರಿಕದ ಅಡಾಪ್ಟರ್‌ಗೆ 110 ವೋಲ್ಟ್ ಕಡಿಮೆಯೇ ಆಯಿತಲ್ಲ ಎನ್ನಬಹುದು. ಅದು 120 ವೋಲ್ಟ್, 60 ಹರ್ಟ್ಸ್‌ಗೆ ಸುತ್ತಿದ ಟ್ರಾನ್ಸ್‌ಫಾರ್ಮರ್. ನಮ್ಮ 50 ಹರ್ಟ್ಸ್‌ನಲ್ಲಿ 110 ಕೊಟ್ಟರೂ ಅದರ ಕೋರ್ ಮೇಲಿನ ಒತ್ತಡ ಶೇ 10ರಷ್ಟು ಹೆಚ್ಚುತ್ತದೆ. ಗುಂಯ್‌ಗುಟ್ಟಿ ಕಾಯುವುದು ಇದಕ್ಕೇ. ಅಗ್ಗದ ಸ್ಟೆಪ್‌ಡೌನ್‌ಗಳಲ್ಲಿ ಬಹಳಷ್ಟು ಆಟೋಟ್ರಾನ್ಸ್‌ಫಾರ್ಮರ್‌ಗಳು: ಎರಡೂ ಬದಿಗೆ ಸೇರಿದ ಸುತ್ತು ಕಡಿದುಹೋದರೆ 230 ವೋಲ್ಟ್ ನೇರವಾಗಿ ಆಚೆ ಬರುತ್ತದೆ. ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್‌ಗೆಂದು ಮಾರುವ ಹಗುರದ ಪ್ರಯಾಣದ ಕನ್ವರ್ಟರನ್ನಂತೂ ಮುಟ್ಟಲೇಬೇಡಿ.

ಇನ್ನು ಮಾಡ್ ಮಾಡಿದ, ಎಂದರೆ ಹೊಸ ಬೋರ್ಡ್ ಜೋಡಿಸಿದ ಮೇಲಿನ ಲೋಡ್. ಎಚ್‌ಡಿಎಂಐ ಬೋರ್ಡ್, ಮೆಮೊರಿ ಕಾರ್ಡಿನಿಂದ ಆಟ ಓಡಿಸುವ ಫ್ಲ್ಯಾಶ್ ಕಾರ್ಟ್ರಿಜ್ ಎರಡೂ ಅದೇ 5 ವೋಲ್ಟ್ ಲೈನಿನಿಂದ ಕುಡಿಯುತ್ತವೆ. ಎಲ್ಲ ಜೋಡಿಸಿ ಆಟ ಓಡುತ್ತಿರುವಾಗ 5 ವೋಲ್ಟ್ ಲೈನನ್ನು ಅಳೆಯಿರಿ, 4.75ರಿಂದ 5.25ರೊಳಗೆ ಇರಬೇಕು. ಅದಕ್ಕಿಂತ ಇಳಿದರೆ ಚಿತ್ರ ಕಲಸಿಹೋಗುತ್ತದೆ, ಆಟ ನಡುವೆಯೇ ನಿಲ್ಲುತ್ತದೆ. ಕಾರಣ ತಿಳಿಯದೆ ಜನ ಕಾರ್ಟ್ರಿಜ್ ಪಿನ್ ತಿಕ್ಕುತ್ತಾ ಕೂರುತ್ತಾರೆ. ಎವಿ ಬೋರ್ಡಿನ ವೈರನ್ನು ರೆಗ್ಯುಲೇಟರಿನ ಮುಂಚೆ ಅಲ್ಲ, ಆಚೆ ಬದಿಗೇ ಬೆಸೆಯಿರಿ. 7805 ತೆಗೆದು ಅದೇ ಕಾಲಿಗೆ ಹೊಂದುವ ಸ್ವಿಚಿಂಗ್ ಮಾಡ್ಯೂಲ್ ಹಾಕುವುದು ಈಗಿನ ಫ್ಯಾಶನ್. ಬಿಸಿ ಕಡಿಮೆಯಾಗುವುದು ನಿಜ, ಆದರೆ ಅಗ್ಗದ ಮಾಡ್ಯೂಲ್ ಹಾಕಿದರೆ ಪರದೆ ಮೇಲೆ ಓರೆ ಗೆರೆ, ಸ್ಪೀಕರಿನಲ್ಲಿ ಕೊರೆತದ ಸದ್ದು ಬರುತ್ತವೆ. ರೆಗ್ಯುಲೇಟೆಡ್ 9 ವೋಲ್ಟ್ ಕೊಟ್ಟು, ಹೀಟ್‌ಸಿಂಕಿಗೆ ಹೊಸ ಪೇಸ್ಟ್ ಹಚ್ಚಿದರೆ ಹಳೆಯ 7805 ಸಾಕು ಎಂಬುದು ನಮ್ಮ ಅಭಿಪ್ರಾಯ. ಮೊದಲ ಮಾದರಿಯ ಮೆಗಾ ಡ್ರೈವ್‌ನಲ್ಲಿ ಅಂಥವು ಎರಡಿವೆ, ಎರಡನ್ನೂ ನೋಡಿ.

ನಿಂಟೆಂಡೊ 64, ಗೇಮ್‌ಕ್ಯೂಬ್ ಇದ್ದವರಿಗೆ ತಲೆಬಿಸಿ ಇಲ್ಲ. ಯೂರೋಪಿನ 230 ವೋಲ್ಟ್ ಅಡಾಪ್ಟರ್ ಜಪಾನಿನ ಯಂತ್ರಕ್ಕೆ ಹಾಗೆಯೇ ಹೊಂದುತ್ತದೆ.

ಸ್ಯಾಟರ್ನ್, ಮೊದಲ ಪ್ಲೇಸ್ಟೇಷನ್, ಡ್ರೀಮ್‌ಕಾಸ್ಟ್‌ಗಳ ಕತೆ ಬೇರೆ. ಪವರ್ ಬೋರ್ಡ್ ಒಳಗೇ ಇದೆ, ಹೊರಗೆ ಕಾಣುವುದು ರೇಡಿಯೊ ವೈರ್ ಕೂರುವಂಥ ಎರಡು ಪಿನ್ನಿನ ಸಾಕೆಟ್. ನಮ್ಮ ಕೇಬಲ್ ಅದಕ್ಕೆ ಸರಿಯಾಗಿ ಕೂರುತ್ತದೆ. ಆ ಬೋರ್ಡಿನಲ್ಲಿ 100 ವೋಲ್ಟ್ ಎಸಿ ಡಿಸಿಯಾದಾಗ ಸುಮಾರು 141 ವೋಲ್ಟ್, 230 ಆದರೆ 325. ಜಪಾನಿನ ಬೋರ್ಡಿನ 200 ವೋಲ್ಟ್ ಕೆಪಾಸಿಟರ್ ಸಿಡಿಯಲು ಒಂದು ಕ್ಷಣ ಸಾಕು. ಇಲ್ಲಿ ದಾರಿ ಎರಡು: ಅದೇ ಆವೃತ್ತಿಯ ಯೂರೋಪ್ ಕನ್ಸೋಲಿನ ಪವರ್ ಬೋರ್ಡ್ ಹಾಕುವುದು (ಸ್ಯಾಟರ್ನ್‌ನಲ್ಲಿ ಆವೃತ್ತಿಯಿಂದ ಆವೃತ್ತಿಗೆ ಕನೆಕ್ಟರ್ ಬದಲಾಗಿರುವುದರಿಂದ ಮೊದಲು ಪಿನ್ ಎಣಿಸಿ), ಇಲ್ಲವೇ ಎರಡು ಪ್ರತ್ಯೇಕ ಸುತ್ತುಗಳಿರುವ, 100 ವೋಲ್ಟಿನದೇ ಆದ 100 ವಿಎ ಟ್ರಾನ್ಸ್‌ಫಾರ್ಮರ್. ಡ್ರೀಮ್‌ಕಾಸ್ಟ್‌ಗೆ ಹೊರಗಿನ 12 ವೋಲ್ಟಿನಿಂದ ನಡೆಯುವ ಬದಲಿ ಬೋರ್ಡ್‌ಗಳೂ ಇವೆ. ಅವುಗಳಲ್ಲಿ 12 ವೋಲ್ಟ್ ನೇರವಾಗಿ ಮದರ್‌ಬೋರ್ಡಿಗೆ ಹೋಗುತ್ತದಾದ್ದರಿಂದ ಒಳ್ಳೆಯ 3 ಆಂಪ್ ಅಡಾಪ್ಟರನ್ನೇ ಕೊಡಿ.

ಒಳಗಿನ ಬೋರ್ಡ್ ಮುಟ್ಟುವ ಮುನ್ನ ಕೇಬಲ್ ಕಿತ್ತು ಹತ್ತು ನಿಮಿಷ ಬಿಟ್ಟು, ದೊಡ್ಡ ಕೆಪಾಸಿಟರಿನ ಎರಡು ಕಾಲುಗಳ ನಡುವೆ ಅಳೆಯಿರಿ. ಇನ್ನೂ ವೋಲ್ಟೇಜ್ ಉಳಿದಿದ್ದರೆ 10 ಕಿಲೋಓಮ್, 5 ವಾಟ್ ರೆಸಿಸ್ಟರಿನಿಂದ ಇಳಿಸಿ, ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಬೇಡಿ. ಹಳೆಯ ಕನ್ಸೋಲ್ ಮಾರುವವರು ವೋಲ್ಟ್, ಎಸಿಯೋ ಡಿಸಿಯೋ, ಆಂಪ್, ನಡುವಿನ ಪಿನ್ ಯಾವುದು ಎಂಬ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು ಯಂತ್ರದ ತಳಕ್ಕೆ ಅಂಟಿಸಿಯೇ ಕೊಡಲಿ.

— ಹಳೆಯ ಗೇಮ್ ಕನ್ಸೋಲ್ ರಿಪೇರಿ ಮಾಡುವವರು, ಬೆಂಗಳೂರು