ಮಕ್ಕಳ ಔಷಧ: ಪ್ರಮಾಣವನ್ನೂ ತಿಳಿಸಿ ಹೇಳಲಿ

ಮಕ್ಕಳಿಗೆ ಔಷಧ ಬರೆದುಕೊಡುವಾಗಿನ ಕಾಳಜಿಯನ್ನು, ಅದನ್ನು ಎಷ್ಟು ಮತ್ತು ಎಷ್ಟು ದಿನ ಕುಡಿಸಬೇಕೆಂದು ಪೋಷಕರಿಗೆ ಮನವರಿಕೆ ಮಾಡುವಾಗಲೂ ಆಸ್ಪತ್ರೆಗಳು ತೋರಬೇಕಾಗಿದೆ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಅನ್ನೇ ನೋಡಬಹುದು: ಹಸುಗೂಸುಗಳ ಡ್ರಾಪ್ಸ್‌ನಲ್ಲಿ ಪ್ರತಿ ಮಿ.ಲೀ.ಗೆ ಸಾಮಾನ್ಯವಾಗಿ 100 ಮಿ.ಗ್ರಾಂ ಔಷಧವಿದ್ದರೆ, ಸಿರಪ್‌ನ 5 ಮಿ.ಲೀ.ಯಲ್ಲಿ ಇರುವುದು 120 ಅಥವಾ 125 ಮಿ.ಗ್ರಾಂ, 250 ಮಿ.ಗ್ರಾಂನ ಸಿರಪ್ ಕೂಡ ಅಂಗಡಿಗಳಲ್ಲಿ ದೊರೆಯುತ್ತದೆ. ಡ್ರಾಪ್ಸ್ ಅನ್ನು 125 ಮಿ.ಗ್ರಾಂನ ಸಿರಪ್ ಎಂದು ತಿಳಿದು 5 ಮಿ.ಲೀ. ಕುಡಿಸಿದರೆ ಮಗುವಿಗೆ ನಾಲ್ಕು ಪಟ್ಟು ಔಷಧ ಹೋಗುತ್ತದೆ, ಪ್ರಮಾಣ ಮೀರಿದರೆ ಯಕೃತ್ತಿಗೇ ಅಪಾಯ. ಬಾಟಲಿಯ ಮೇಲಿನ ಇಂಗ್ಲಿಷ್‌ನ ಸಣ್ಣ ಅಕ್ಷರಗಳು ಪದವೀಧರರನ್ನೂ ಗೊಂದಲಕ್ಕೆ ದೂಡುವಂತಿರುವಾಗ ತಾಯಂದಿರ ಅಜ್ಞಾನವನ್ನು ದೂರುವುದು ನ್ಯಾಯವಲ್ಲ. ಭೇದಿಗೆ ಕೊಡುವ ಜಿಂಕ್ ಮಾತ್ರೆಯ ಕಥೆಯೂ ಇದೇ. ಭೇದಿ ನಿಂತರೂ ಒಟ್ಟು 14 ದಿನ ಪೂರೈಸಬೇಕೆಂಬುದನ್ನು ಬಿಡಿಸಿ ಹೇಳದಿದ್ದರೆ ಮಾತ್ರೆ ಮನೆಯ ಗೂಡಿನಲ್ಲೇ ಉಳಿಯುತ್ತದೆ.

‘ಅರ್ಥವಾಯಿತೇ?’ ಎಂದು ವೈದ್ಯರು ಕೇಳಿದರೆ, ಹಿಂದೆ ಸಾಲು ನಿಂತಿರುವಾಗ, ಹೆಚ್ಚಿನವರು ಸಂಕೋಚದಿಂದ ತಲೆಯಾಡಿಸಿಬಿಡುತ್ತಾರೆ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರ ಹಾಗೂ ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಔಷಧ ವಿತರಿಸುವವರು ಪ್ರಮಾಣವನ್ನು ಕನ್ನಡದಲ್ಲಿ ಬರೆದು, ಅಳತೆಯ ಮುಚ್ಚಳದ ಮೇಲೆ ಗೆರೆ ಎಳೆದು, ಮನೆಯಲ್ಲಿ ಹೇಗೆ ಕುಡಿಸುತ್ತೀರಿ ಎಂದು ಪೋಷಕರಿಂದಲೇ ಒಮ್ಮೆ ಹೇಳಿಸಿಕೊಳ್ಳುವುದನ್ನು ಆರೋಗ್ಯ ಇಲಾಖೆಯು ಕಡ್ಡಾಯಗೊಳಿಸಲಿ.

– ಓರ್ವ ಓದುಗ, ತಿಪಟೂರು