ಭಾನುವಾರ ಹಳೇ ಶಾಯಿ ಚಿತ್ರ ನೋಡಲು ಬನ್ನಿ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 10ಕ್ಕೆ ಕದ್ರಿಯ ನಮ್ಮ ಮನೆಯ ಚಾವಡಿಯಲ್ಲಿ ಸೇರೋಣ. ಗುಂಪಿನ ಹಿರಿಯರೊಬ್ಬರು ತಮ್ಮ ಅಜ್ಜನ ಪೆಟ್ಟಿಗೆಯಲ್ಲಿದ್ದ ಶಾಯಿ ಚಿತ್ರವೊಂದನ್ನು ತರುತ್ತಾರೆ. ಮೂಡುಬಿದಿರೆ ಸಾವಿರ ಕಂಬದ ಬಸದಿಯ ಒಂದು ಕಂಬದ ಮೇಲ್ಭಾಗ, ಅಷ್ಟೇ. ಬಸದಿ 1430ರದ್ದು. ಚಿತ್ರಕ್ಕೆ ಮಾತ್ರ ಇಸವಿಯೂ ಇಲ್ಲ, ಸಹಿಯೂ ಇಲ್ಲ. ಆದರೆ ಆ ಗೆರೆಗಳನ್ನು ನೋಡಬೇಕು! ನೆರಳಿಗೆ ಬಣ್ಣ ಬಳಿದಿಲ್ಲ, ಸಪೂರ ಗೆರೆಗಳನ್ನು ಒತ್ತೊತ್ತಾಗಿ ಎಳೆದೇ ಕೆತ್ತನೆಯ ಆಳ ತೋರಿಸಿದ್ದಾರೆ. ಮೂಲೆಯ ಒಂದು ಬಳ್ಳಿಯ ಸುರುಳಿ ಪೆನ್ಸಿಲಿನಲ್ಲೇ ಉಳಿದುಬಿಟ್ಟಿದೆ. ನನಗೆ ಅದೇ ಜಾಸ್ತಿ ಇಷ್ಟ.

ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಮಾಚಿಕಾಯಿ (ಓಕ್ ಮರದಲ್ಲಿ ಕೀಟದಿಂದ ಆಗುವ ಗಂಟು), ಕಬ್ಬಿಣದ ಲವಣ ಸೇರಿಸಿ ಮಾಡುತ್ತಿದ್ದ ಶಾಯಿ ಇರಬೇಕು. ಅದು ಬರಬರುತ್ತಾ ಕಾಗದವನ್ನೇ ತಿನ್ನುತ್ತದೆ, ತೇವ ಸಿಕ್ಕರೆ ಇನ್ನೂ ಬೇಗ. ನಮ್ಮೂರ ಮಳೆಗಾಲ ಗೊತ್ತೇ ಇದೆಯಲ್ವಾ? ಹಾಗಾಗಿ:

– ಕೊಡೆ, ರೈನ್‌ಕೋಟ್ ಜಗಲಿಯಲ್ಲೇ ಬಿಡಿ.
– ಚಿತ್ರ ಮುಟ್ಟಬೇಡಿ, ತಿರುಗಿಸಬೇಕಿದ್ದರೆ ಚಿತ್ರ ತಂದ ಹಿರಿಯರೇ ತಿರುಗಿಸುತ್ತಾರೆ.
– ಫೋಟೊ ತೆಗೆಯಬಹುದು, ಫ್ಲ್ಯಾಶ್ ಬೇಡ. ಅವರನ್ನು ಕೇಳದೆ ಸ್ಟೇಟಸ್‌ಗೆ ಹಾಕಬೇಡಿ.
– ನಕಲು ಬಿಡಿಸುವವರು ಪೆನ್ಸಿಲ್ ಮಾತ್ರ ತನ್ನಿ. ಇಂಕ್ ಪೆನ್ ಬ್ಯಾಗಿನಲ್ಲೇ ಇರಲಿ.

ಲ್ಯಾಮಿನೇಷನ್ ಮಾಡಿಸಿದರೆ ಆಯ್ತಲ್ಲ ಎಂದು ಇಬ್ಬರು ಕೇಳಿದ್ದಾರೆ. ದಯವಿಟ್ಟು ಆ ಹಿರಿಯರ ಎದುರು ಈ ಸಲಹೆ ಕೊಡಬೇಡಿ! ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಆಮೇಲೆ ಕಾಗದ ಹರಿಯದಂತೆ ಬಿಡಿಸುವುದು ಬಹಳ ಕಷ್ಟ.

ಚಾವಡಿ ಸಣ್ಣದು, ಒಂದು ಸಲಕ್ಕೆ ಎಂಟು ಜನ ನೋಡಬಹುದು. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಸುಮ್ನೆ ಹೆಬ್ಬೆರಳಿನ ಇಮೋಜಿ ಒತ್ತಿದರೆ ಲೆಕ್ಕಕ್ಕಿಲ್ಲ. ಚಾ, ಗೋಳಿಬಜೆ ಇದೆ, ಚಿತ್ರ ಒಳಗಿಟ್ಟ ಮೇಲೆ.